ಒಂದೇ ಗಂಗಾಳದ ಸುತ್ತ ಏಳು ಮಂದಿ

ನಲವತ್ತು ವರ್ಷ ಗಾದಿಯ ಮೇಲೆ ಕೂತು ಹತ್ತಿ ವ್ಯಾಪಾರ ಮಾಡಿದವನು ನಗೆಯ ಪ್ರಸಂಗಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅವೇ ಗಾಡಿ ಹೂಡಿಕೊಂಡು ಅಂಗಡಿ ಬಾಗಿಲಿಗೆ ಬಂದು ನಿಲ್ಲುತ್ತವೆ. ಆದರೆ ಬಂದಾಗ ಅವು ನಗೆಯ ಪ್ರಸಂಗಗಳ ಹಾಗೆ ಕಾಣುವುದಿಲ್ಲ, ನಷ್ಟದ ಹಾಗೆ ಕಾಣುತ್ತವೆ. ನಗೆ ಬರುವುದು ನಾಲ್ಕೈದು ವರ್ಷ ಕಳೆದ ಮೇಲೆ, ಅದೂ ಗೋದಾಮಿನ ಮಾಲು ಖರ್ಚಾಗಿದ್ದರೆ ಮಾತ್ರ.

ಇಲ್ಲಿ ಬರೆದಿರುವುದೆಲ್ಲ ನಿಜಾಮರ ಕಾಲದ್ದು, ದೊಡ್ಡ ಲಡಾಯಿ ಇನ್ನೂ ಶುರುವಾಗಿರಲಿಲ್ಲ. ಎಲ್ಲ ಒಂದೇ ವಾರದಲ್ಲಿ, ಒಂದೇ ಊಟದ ಸಲುವಾಗಿ ನಡೆದದ್ದು. ಆ ವಾರ ನಮ್ಮ ಪೇಟೆಯಲ್ಲಿ ಯಾರೂ ನಕ್ಕಿರಲಿಲ್ಲ.

೧. ಬೆರಳು ಕಲಿತ ಸಾಹೇಬರು

ಆ ವರ್ಷ ಹೊಲದಲ್ಲಿ ಹತ್ತಿ ಬಿಡಿಸುವುದು ಶುರುವಾಗುವ ಹೊತ್ತಿಗೆ ಕೊಪ್ಪಳ ಸ್ಟೇಷನ್ನಿನಲ್ಲಿ ಒಬ್ಬ ಜಪಾನ್ ಸಾಹೇಬರು ಇಳಿದರು. ತಮ್ಮ ದೇಶದ ಗಿರಣಿಗಳಿಗೆ ಹತ್ತಿ ಕೊಳ್ಳುವುದು ಅವರ ಕೆಲಸ. ಮುಂಬಯಿಯಲ್ಲಿ ಹನ್ನೆರಡು ವರ್ಷ ಇದ್ದವರು, ಹಿಂದುಸ್ತಾನಿಯನ್ನು ನಮಗಿಂತ ಶುದ್ಧವಾಗಿ ಆಡುತ್ತಿದ್ದರು. ಖರೀದಿ ಅಂಗಡಿಯನ್ನು ಗದಗಿನಲ್ಲಿ ತೆರೆಯಬೇಕೋ ಕೊಪ್ಪಳದಲ್ಲಿ ತೆರೆಯಬೇಕೋ ಎಂದು ವಾರದೊಳಗೆ ಅವರು ನಿಶ್ಚಯ ಮಾಡುವುದಿತ್ತು.

ನನ್ನ ಗೋದಾಮಿನಲ್ಲಿ ಹಿಂದಿನ ವರ್ಷದ ಹತ್ತಿ ಹಾಗೇ ಬಿದ್ದಿತ್ತು. ಹತ್ತಿ ತುಂಬಿದ ದೊಡ್ಡ ಚೀಲಗಳ, ಅಂದರೆ ಅಂಡಿಗೆಗಳ, ನಡುವೆ ಇಲಿಗಳು ಮರಿ ಹಾಕಿದ್ದವು. ಸಾಹೇಬರು ಗದಗಿಗೆ ಹೋದರೆ ಅದು ಅಲ್ಲೇ ಕಪ್ಪಾಗಬೇಕು. ಜಾಗವಿಲ್ಲದೆ ಕುಷ್ಟಗಿ, ಯಲಬುರ್ಗಿ ಕಡೆಯಿಂದ ಬರುವ ರೈತರ ಗಾಡಿಗಳನ್ನು ಬಾಗಿಲಿಂದಲೇ ತಿರುಗಿಸಬೇಕು. ಒಂದು ಸುಗ್ಗಿ ಗಾಡಿ ತಿರುಗಿಸಿದ ಅಂಗಡಿಗೆ ಮರುವರ್ಷ ಗಾಡಿ ಬರುವುದಿಲ್ಲ. ನನ್ನ ಅಪ್ಪ ಕಟ್ಟಿದ ಅಂಗಡಿ ಉಳಿಯುವುದೋ ಮುಚ್ಚುವುದೋ ಎಂಬುದು ಆ ಸಾಹೇಬರ ಮನಸ್ಸಿನಲ್ಲಿತ್ತು.

ನನ್ನ ಎದುರಂಗಡಿಯ ಸಾವಕಾರನ ಪಾಡೂ ಇದೇ. ಅವನ ಗೋದಾಮೂ ತುಂಬಿತ್ತು, ಮೇಲಿಂದ ಮಾಳಿಗೆ ಸೋರಿತ್ತು. ಆದರೆ ಕಷ್ಟ ಒಂದೇ ಆದರೂ ನಮಗಿಬ್ಬರಿಗೂ ಹನ್ನೊಂದು ವರ್ಷದಿಂದ ಮಾತಿರಲಿಲ್ಲ. ಹನ್ನೊಂದು ವರ್ಷದ ಹಿಂದೆ ಅವನು ನನ್ನ ತಕ್ಕಡಿ ಎರವಲು ಒಯ್ದ. ತಿರುಗಿ ಬಂದಾಗ ಒಂದು ತಟ್ಟೆ ಡೊಂಕಾಗಿತ್ತು. ಒಯ್ಯುವಾಗಲೇ ಡೊಂಕಿತ್ತು ಎಂದ. ಅಂದಿನಿಂದ ಅವನಿಗೆ ಏನಾದರೂ ಹೇಳಬೇಕಾದರೆ ನನ್ನ ಅಂಗಡಿ ಮುಂದೆ ಕಟ್ಟಿದ ಎತ್ತಿಗೆ ಹೇಳುತ್ತಿದ್ದೆ: "ನೋಡಪಾ ಬಸವಣ್ಣಾ, ಎದುರಿನವರ ಗಾಡಿ ನಮ್ಮ ಗಟಾರಕ್ಕ ಅಡ್ಡ ನಿಂತೈತಿ." ಅವನು ತನ್ನ ಎತ್ತಿಗೆ ಉತ್ತರ ಕೊಡುತ್ತಿದ್ದ. ವ್ಯವಹಾರ ನಡೆಯುತ್ತಿತ್ತು.

ಸಾಹೇಬರು ಇಬ್ಬರ ಗೋದಾಮಿಗೂ ಬಂದರು. ನಾನು ಹೇಳಿದೆ, "ಎದುರಂಗಡಿ ಹತ್ತಿ ಹಸಿ ಐತ್ರಿ, ಸಾಹೇಬ್ರ. ನೀರ ಕುಡದೈತಿ." ಅವನು ಹೇಳಿದನಂತೆ, "ಆ ಕಡೆ ಹತ್ತಿ ಹಳೇದರಿ. ಇಲಿ ಹಿಕ್ಕಿ ಸಹಿತ ತೂಗ್ತಾರ." ಇಬ್ಬರು ಹೇಳಿದ್ದೂ ಖರೆ. ಸಾಹೇಬರು ಎರಡನ್ನೂ ಸಣ್ಣ ಪುಸ್ತಕದಲ್ಲಿ ಬರೆದುಕೊಂಡರು.

ಆಮೇಲೆ ಅವರಿಗೆ ನಮ್ಮ ಪೇಟೆಯ ರೀತಿ ಕಲಿಸಿದೆ. ಇಲ್ಲಿ ದರವನ್ನು ಬಾಯಿಂದ ಆಡುವುದಿಲ್ಲ. ಇಬ್ಬರು ಕೈ ಹಿಡಿದು ಮೇಲೆ ರುಮಾಲು ಹೊದಿಸಿಕೊಳ್ಳುತ್ತಾರೆ. ಆ ದಿನದ ಪೇಟೆ ದರದ ಮೇಲೆ ಎಷ್ಟು ರೂಪಾಯಿಯೋ ಅಷ್ಟು ಬೆರಳು ಹಿಡಿಯಬೇಕು. ಅಂಗೈಯಲ್ಲಿ ಮುಷ್ಟಿ ಇಟ್ಟರೆ ಇದ್ದಷ್ಟೂ ಮಾಲು ಎಂದರ್ಥ. ಮಣಿಕಟ್ಟು ಹಿಡಿದರೆ ಸೌದಾ ಮುಗಿಯಿತು. ಹಿಡಿದ ಮೇಲೆ ಮಾತಿಗೆ ತಪ್ಪುವಂತಿಲ್ಲ. ತಪ್ಪಿದವನ ರುಮಾಲಿನ ಕೆಳಗೆ ಮತ್ತೆ ಯಾರೂ ಕೈ ಹಾಕುವುದಿಲ್ಲ.

ಸಾಹೇಬರಿಗೆ ಇದು ಬಹಳ ಹಿಡಿಸಿತು. ಮಧ್ಯಾಹ್ನದೊಳಗೆ ಕಲಿತರು. ಸಂಜೆ ಚಹಾದ ಅಂಗಡಿಗೆ ಹೋಗಿ, ಚಹಾದವನ ಕೈ ಹಿಡಿದು, ಮೇಲೆ ತಮ್ಮ ಕರವಸ್ತ್ರ ಹೊದಿಸಿ ಎರಡು ಬೆರಳು ಒತ್ತಿದರು. ಚಹಾದವನು ಇಪ್ಪತ್ತು ವರ್ಷ ನಮ್ಮ ಪೇಟೆಯಲ್ಲಿದ್ದವನು. ಸ್ವಲ್ಪ ಹೊತ್ತು ವಿಚಾರ ಮಾಡಿ, ಮೂರು ಬೆರಳು ಒತ್ತಿ, ಮೂರು ಕಪ್ಪು ಚಹಾ ತಂದಿಟ್ಟ. ಸಾಹೇಬರು ಮಣಿಕಟ್ಟು ಹಿಡಿದಿದ್ದರು. ಮೂರೂ ಕುಡಿದೇ ಎದ್ದರು.

೨. ಊಟದ ಮಾತು

ಮರುದಿನ ಸಾಹೇಬರು ನಮ್ಮನ್ನೆಲ್ಲ ಪ್ರವಾಸಿ ಬಂಗಲೆಗೆ ಕರೆಸಿದರು. ನಾನು, ಎದುರಂಗಡಿಯವನು, ಒಬ್ಬ ಮಾರವಾಡಿ ಸೇಠರು, ಕುಷ್ಟಗಿ ಮತ್ತು ಯಲಬುರ್ಗಿಯ ಒಬ್ಬೊಬ್ಬ ಹತ್ತಿ ವ್ಯಾಪಾರಿ, ಗಂಗಾವತಿಯ ಒಬ್ಬ ಅಕ್ಕಿ ವ್ಯಾಪಾರಿ, ಹೀಗೆ ಆರು ಮಂದಿ.

ಸಾಹೇಬರು ಹೇಳಿದರು: "ನಮ್ಮ ಊರಿನಲ್ಲಿ ಒಂದು ಹಳೆಯ ಊಟದ ಮನೆ ಇದೆ. ನಡುವೆ ಕೆಂಡ, ಕೆಂಡದ ಮೇಲೆ ನಿಮ್ಮ ಗಂಗಾಳದಂಥ ಅಗಲವಾದ ಪಾತ್ರೆ, ಅದರಲ್ಲಿ ಕುದಿಯುವ ಸಾರು, ಸುತ್ತಲೂ ಮಂದಿ. ಕಾಯಿಪಲ್ಲೆಯನ್ನು ಅವರೇ ಹಾಕುತ್ತಾರೆ, ಬೆಂದ ಹಾಗೆ ಎರಡು ಕಡ್ಡಿಯಿಂದ ಎತ್ತಿ ತಿನ್ನುತ್ತಾರೆ. ಬಹಳ ವರ್ಷ ಕೂಡಿ ವ್ಯಾಪಾರ ಮಾಡಬೇಕಾದವರು ಮೊದಲು ಒಂದು ಸಲ ಹಾಗೆ ಕೂಡುತ್ತಾರೆ. ಬೇಯುವ ತನಕ ಯಾರು ಕಾಯುತ್ತಾನೆ, ಇನ್ನೊಬ್ಬ ಹಾಕಿದ್ದನ್ನು ಯಾರು ಎತ್ತುತ್ತಾನೆ, ಎಲ್ಲ ಅಲ್ಲಿ ಗೊತ್ತಾಗುತ್ತದೆ. ನಾವು ಏಳು ಮಂದಿ ಹಾಗೆ ಕೂಡೋಣ. ಜಗಳವಿಲ್ಲದೆ ಉಂಡು ಎದ್ದರೆ ನನ್ನ ಅಂಗಡಿ ಕೊಪ್ಪಳದಲ್ಲಿ."

ನಾವು ಆರೂ ಮಂದಿ ಒಪ್ಪಿ ಹೊರಗೆ ಬಂದೆವು. ಬಂಗಲೆಯ ಮೆಟ್ಟಿಲು ಇಳಿಯುವುದರೊಳಗೆ ಜಗಳ ಶುರುವಾಯಿತು.

ಸೇಠರು ಸೂರ್ಯ ಮುಳುಗಿದ ಮೇಲೆ ಉಣ್ಣುವುದಿಲ್ಲ, ನೆಲದೊಳಗೆ ಬೆಳೆದದ್ದನ್ನು ಮುಟ್ಟುವುದಿಲ್ಲ. ಗಂಗಾವತಿಯವರಿಗೆ ಅನ್ನವಿಲ್ಲದೆ ಉಂಡ ಹಾಗಾಗುವುದಿಲ್ಲ. ಯಲಬುರ್ಗಿಯವರಿಗೆ ಸೋಮವಾರ ಉಪವಾಸ. ಕುಷ್ಟಗಿಯವರು ಗುರುಗಳ ಮುಂದೆ ಬದನೆಕಾಯಿ ಬಿಟ್ಟಿದ್ದರು.

"ಬದನಿಕಾಯಿ ನೀವು ಎತ್ತಬ್ಯಾಡ್ರಿ ಅಷ್ಟ," ಎಂದೆ ನಾನು.

"ನಾ ಎತ್ತೂದಿಲ್ರಿ. ಆದ್ರ ಅದು ಕುದ್ದ ಸಾರಿನ್ಯಾಗ ನನ್ನ ಹೀರಿಕಾಯೀನೂ ಕುದೀತೈತಲ್ಲ?"

ಬದನೆಕಾಯಿ ಅಲ್ಲಿಗೇ ಹೋಯಿತು. ಎಂಜಲಿನ ಪ್ರಶ್ನೆಯೂ ಬಂತು. ಬಾಯಿಗೆ ಹೋದ ಕಡ್ಡಿ ಮತ್ತೆ ಗಂಗಾಳಕ್ಕೆ ಬರಬಾರದು. ಎರಡು ತಾಸು ಕೂತು ನಿರ್ಣಯ ಮಾಡಿದೆವು: ಊಟ ಶುಕ್ರವಾರ, ಹೊತ್ತು ಮುಳುಗುವುದರೊಳಗೆ. ಉಳ್ಳಾಗಡ್ಡಿ ಇಲ್ಲ, ಬದನೆಕಾಯಿ ಇಲ್ಲ. ಗಂಗಾವತಿಯವರು ಅಕ್ಕಿಯನ್ನು ತಾವೇ ತರಬೇಕು. ಕಡ್ಡಿಯಿಂದ ಗಂಗಾಳದೊಳಗಿನದನ್ನು ಎತ್ತಿ ತಾಟಿಗೆ ಹಾಕಿಕೊಳ್ಳಬೇಕು. ತಾಟಿನಿಂದ ಬಾಯಿಗೆ ಕೈ.

ಸಾಹೇಬರಿಗೆ ಇದನ್ನೆಲ್ಲ ಸೇಠರು ಒಂದೊಂದಾಗಿ ಒಪ್ಪಿಸಿದರು. ಸಾಹೇಬರು ಪೂರ್ತಿ ಕೇಳಿ, "ಹಾಗಾದರೆ ಬೆಂಕಿ ಹೊತ್ತಿಸುವುದಕ್ಕೆ ಯಾರದೂ ಅಡ್ಡಿ ಇಲ್ಲವಲ್ಲ?" ಎಂದು ಕೇಳಿದರು.

೩. ಖಾನಾವಳಿಯ ಅವ್ವ

ಸ್ಟೇಷನ್ ರಸ್ತೆಯಲ್ಲಿ ಒಂದು ಖಾನಾವಳಿ ಇತ್ತು. ಗಂಡ ತೀರಿದ ಮೇಲೆ ಒಬ್ಬ ಹೆಣ್ಣುಮಗಳು ನಡೆಸುತ್ತಿದ್ದಳು. ಊರೆಲ್ಲ ಅವಳನ್ನು ಅವ್ವ ಎಂದೇ ಕರೆಯುತ್ತಿತ್ತು. ಅವಳ ರೊಟ್ಟಿ ತಿನ್ನಲೆಂದೇ ಹುಲಿಗಿಯ ಅಮ್ಮನ ಗುಡಿಗೆ ಹೋಗುವ ಮಂದಿ ಕೊಪ್ಪಳದಲ್ಲಿ ರೈಲು ಇಳಿದು ಮುಂದಿನ ರೈಲಿಗೆ ಹೋಗುತ್ತಿದ್ದರು. ಊಟ ಅಲ್ಲೇ ಎಂದು ಗೊತ್ತು ಮಾಡಲು ನಾನು ಹೋದೆ.

"ಏಳು ಮಂದಿ ಉಣ್ಣಾಕ ಬರ್ತೀವಿ, ಯವ್ವಾ."

"ಬರ್ರಿ. ಏನೇನ ಮಾಡ್ಲಿ?"

"ಏನೂ ಮಾಡೂದು ಬ್ಯಾಡ. ಕಾಯಿಪಲ್ಲೆ ತೊಳದು, ಹೆಚ್ಚಿ, ಹಸೀದ ಇಡು."

ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. "ಹಸೀದು?"

"ಹೂಂ. ಉಣ್ಣವ್ರು ತಾವ ಕುದಿಸ್ಕೋತಾರ."

"ಸಾವಕಾರ್ರ, ಮನ್ಯಾಗ ಏನರ ಜಗಳಾ ಮಾಡ್ಕೊಂಡು ಬಂದೀರೇನು?"

ಜಪಾನ್ ಸಾಹೇಬರ ಊರಿನ ರೀತಿಯನ್ನು ವಿವರಿಸಿ ಹೇಳಿದೆ. ಅವಳು ಪೂರ್ತಿ ಕೇಳಿದಳು. "ಹದಿನೆಂಟು ವರ್ಷ ಆತು ಈ ಒಲಿ ಮುಂದ ಕುಂತು. ಅವ್ವನ ಖಾನಾವಳ್ಯಾಗ ಹೀರಿಕಾಯಿ ಹಸೀದ ಇಟ್ರಂತ, ಸಾವಕಾರ್ರು ತಾವ ಬೇಯಿಸ್ಕೊಂಡು ತಿಂದ್ರಂತ ಅಂದ್ರ ನಾಳಿಂದ ನನ್ನ ಬಾಗ್ಲಿಗೆ ಯಾರ್ ಬರ್ತಾರ? ನಾನೂ ಹೊಟ್ಟಿ ಹೊರೀಬೇಕಲ್ಲ?"

ಅವಳ ಮಾತಿನಲ್ಲಿ ಸುಳ್ಳಿರಲಿಲ್ಲ. ನನಗೆ ಅಂಗಡಿಯ ಚಿಂತೆ, ಅವಳಿಗೆ ಒಲೆಯ ಚಿಂತೆ. ಕೊನೆಗೆ ಕುದಿಯುವ ಸಾರು ಅವಳದೇ ಎಂದು ಒಪ್ಪಂದವಾಯಿತು: ಹುರುಳಿ ಕಟ್ಟು, ಅವಳ ಕೈಯ ಮಸಾಲೆ. ಆದರೆ ಸಾಹೇಬರು ಎಳೆ ಎಳೆಯಾದ ಶ್ಯಾವಿಗೆಯೂ ಬೇಕು ಎಂದಿದ್ದರು. ಅದನ್ನು ಹೇಳಿದಾಗ ಮತ್ತೆ ರೊಟ್ಟಿ ಬಡಿಯುವುದು ನಿಂತಿತು.

"ಶ್ಯಾವಿಗಿ ಹಾಲು ಬೆಲ್ಲಕ್ಕ. ಹುರುಳಿಕಟ್ಟಿಗಲ್ಲ. ಹೊಸದ ಬಂದ ಅಳಿಯಗ ನೀವು ಶ್ಯಾವಿಗಿ ಮ್ಯಾಲ ಕಟ್ಟು ಹಾಕಿದ್ರ ಅವ ಹೆಣ್ತಿನ್ನ ಬಿಟ್ಟ ಹೋಗ್ತಾನ."

"ಸಾಹೇಬ್ರು ಅಳಿಯ ಅಲ್ಲ, ಯವ್ವಾ. ಹತ್ತಿ ತಗೋಳಾಕ ಬಂದಾರ."

"ಅಳಿಯಗಿಂತ ಹೆಚ್ಚ ಮಾಡಾಕತ್ತೀರಿ ಮತ್ತ."

ಕೂಡುವ ಜಾಗದ ಪ್ರಶ್ನೆ ಇನ್ನೂ ಉಳಿದಿತ್ತು. ಸಾಹೇಬರ ರೀತಿಯಲ್ಲಿ ಹಿರಿಯರಾದವರು ಬಾಗಿಲಿಗೆ ದೂರ ಕೂಡಬೇಕು. ಆರೂ ಮಂದಿ ಒಳಗೊಳಗೇ ತಾವೇ ಹಿರಿಯರು ಎಂದು ತಿಳಿದಿದ್ದೆವು. ನೋಡಿದರೆ ಖಾನಾವಳಿಯ ಪಡಸಾಲೆಗೆ ಎರಡೂ ಕಡೆ ಬಾಗಿಲು. ಒಂದಕ್ಕೆ ದೂರ ಕೂತವನು ಇನ್ನೊಂದಕ್ಕೆ ಹತ್ತಿರವಾಗುತ್ತಿದ್ದ. ನಾನು, ಮತ್ತು ನನ್ನ ಹಿಂದೆಯೇ ಬಂದಿದ್ದ ಎದುರಂಗಡಿಯವನು, ಒಬ್ಬರ ಕಡೆ ಒಬ್ಬರು ನೋಡದೆ, ಹೆಜ್ಜೆ ಹಾಕಿ ಹಾಕಿ ಅಳತೆ ಮಾಡತೊಡಗಿದೆವು. ಅವ್ವ ಸ್ವಲ್ಪ ಹೊತ್ತು ನೋಡಿ, ಎದ್ದು ಬಂದು ಒಂದು ಬಾಗಿಲು ಹಾಕಿ ಅಗಳಿ ಜಡಿದಳು.

"ಸಾವಕಾರ್ರ, ನಾ ಯಾವ ಬಾಗ್ಲಾ ಹಾಕ್ತೀನಿ ಅದರ ಮ್ಯಾಲೈತಿ ನಿಮ್ಮ ಹಿರೇತನ. ಇನ್ನ ನಡೀರಿ. ಶುಕ್ರವಾರ ಅಡಗಿಮನ್ಯಾಗ ರೊಟ್ಟಿ, ಪುಂಡಿಪಲ್ಲೆ ಮಾಡಿ ಇಟ್ಟಿರ್ತೀನಿ. ನಿಮ್ಮ ಆಟ ಮುಗದ ಮ್ಯಾಲ ಊಟಕ್ಕ ಬರ್ರಿ."

೪. ಹತ್ತಿಕಾಳು, ಎರಡು ಕಡ್ಡಿ

ಕಡ್ಡಿಯಿಂದ ಎತ್ತುವುದು ಕಲಿಯಲು ನಮಗೆ ಇದ್ದದ್ದು ಮೂರು ದಿನ. ಬಡಿಗ ಆರು ಜೊತೆ ಕಡ್ಡಿ ಕೆತ್ತಿ ಕೊಟ್ಟ. ಅಂಗಡಿಯಲ್ಲಿ ಹೀರೆಕಾಯಿ ಇರುವುದಿಲ್ಲ, ಹತ್ತಿಕಾಳು ಇರುತ್ತದೆ. ಗಾದಿಯ ಮೇಲೆ ಒಂದು ಬೊಗಸೆ ಹತ್ತಿಕಾಳು ಸುರುವಿಕೊಂಡು ಎರಡು ಕಡ್ಡಿಯಿಂದ ಒಂದೊಂದೇ ಎತ್ತಿ ಬಟ್ಟಲಿಗೆ ಹಾಕುತ್ತ ಕೂತೆ. ಎದುರಿಗೆ ಅವನೂ ಕೂತಿದ್ದ. ಅವನು ಎತ್ತಿದ್ದೆಷ್ಟು ಎಂದು ನಾನು, ನಾನು ಎತ್ತಿದ್ದೆಷ್ಟು ಎಂದು ಅವನು ಓರೆಗಣ್ಣಿನಿಂದ ನೋಡುತ್ತಿದ್ದೆವು. ಪೇಟೆಯಲ್ಲಿ ಅಂಥ ಶಾಂತಿ ನಾನು ಮತ್ತೆ ಕಂಡಿಲ್ಲ.

ಕುಷ್ಟಗಿ ಕಡೆಯ ಒಬ್ಬ ರೈತ ಬಂದು ನಿಂತ. ಬಹಳ ಹೊತ್ತು ನೋಡಿದ.

"ಏನ್ರಿ ಯಪ್ಪಾ ಇದು?"

ಊಟ ಮಾಡುವುದು ಕಲಿಯುತ್ತಿದ್ದೇನೆ ಎಂದು ಈ ವಯಸ್ಸಿನಲ್ಲಿ ರೈತನ ಮುಂದೆ ಹೇಳಲು ಬಾಯಿ ಬರಲಿಲ್ಲ. "ಪರೀಕ್ಷಾ," ಎಂದೆ.

"ಜಪಾನದವ್ರ ಪರೀಕ್ಷಾ ಏನ್ರಿ?"

"ಹೂಂ."

ಅವನು ಎದುರಂಗಡಿಯ ಕಡೆ ತಿರುಗಿ ನೋಡಿದ. ಅಲ್ಲೂ ಅದೇ. ತಲೆ ಅಲ್ಲಾಡಿಸುತ್ತ ಹೋದ.

ಗುರುವಾರ ಬಂದ ಗಾಡಿಗಳಲ್ಲಿ ಪ್ರತಿಯೊಬ್ಬ ರೈತನ ರುಮಾಲಿನಲ್ಲೂ ಎರಡೆರಡು ಜಾಲಿಯ ಕಡ್ಡಿ ಸಿಗಿಸಿದ್ದವು. ಅದೇ ರೈತ ಮುಂದಿದ್ದ. ನಾನು ರೂಢಿಯಂತೆ ಅಂಡಿಗೆಯೊಳಗೆ ಕೈ ತೂರಿಸಲು ಹೋದೆ. ಅವನು ತಡೆದ.

"ಕೈ ಹಚ್ಚಬ್ಯಾಡ್ರಿ. ಕೈ ಹಚ್ಚಿ ಹಚ್ಚಿ ಇಷ್ಟ ವರ್ಷ ನಮ್ಮ ಹತ್ತೀಗೆ ಕೆಟ್ಟ ಹೆಸರ ಇಟ್ರಿ. ಈಗ ಕಡ್ಡೀಲೆ ನೋಡ್ರಿ."

ಹತ್ತು ಮಂದಿ ರೈತರು ಸುತ್ತ ನಿಂತಿದ್ದರು. ಕಡ್ಡಿ ತೆಗೆದುಕೊಂಡೆ. ಅವನ ಹತ್ತಿಯಿಂದ ಒಂದು ಕಾಳು ಎತ್ತಲು ಹೋದೆ, ಜಾರಿತು. ಎರಡನೆಯ ಸಲವೂ ಜಾರಿತು. ಅವನು ನನ್ನ ಮಗ್ಗಲಿಗೆ ಕೂತು ತನ್ನ ಜಾಲಿ ಕಡ್ಡಿಯಿಂದ ಪಟಪಟನೆ ಏಳೆಂಟು ಕಾಳು ಎತ್ತಿ ನನ್ನ ಮುಂದಿಟ್ಟ. ಊರಿನಲ್ಲಿ ರಾತ್ರಿಯಿಡೀ ಮನೆಮಂದಿಯೆಲ್ಲ ಕೂತು ಕಲಿತಿದ್ದರಂತೆ.

"ಹೊಸಬ್ರಿಗೆ ಹಿಂಗ ಆಗತೈತ್ರಿ, ಸಾವಕಾರ್ರ," ಎಂದ. "ಕೈ ಸಡ್ಲ ಬಿಡ್ರಿ."

೫. ಅಕ್ಕಸಾಲಿಗನ ಬೂದಿ

ಗಂಗಾಳ ನಮ್ಮ ಮನೆಯದು, ಮದುವೆಗೆ ತೆಗೆಯುವ ದೊಡ್ಡ ಹಿತ್ತಾಳೆಯದು, ಕಲಾಯಿ ಹಾಕಿಸಿದೆ. ಅದರ ಕೆಳಗೆ ಇಡಲು ಇದ್ದಲಿನ ಶಗಡಿ ಬೇಕಾಗಿತ್ತು. ಅಷ್ಟು ಅಗಲದ ಶಗಡಿ ಇದ್ದದ್ದು ನಮ್ಮ ಓಣಿಯ ಅಕ್ಕಸಾಲಿಗನ ಹತ್ತಿರ ಮಾತ್ರ. ಅವನು ಕೊಡಲು ಒಪ್ಪಿದ, ಬೂದಿ ಕೊಡಲು ಒಪ್ಪಲಿಲ್ಲ.

"ಮೂರು ತಲಿಮಾರಿನ ಬಂಗಾರದ ಧೂಳು ಇದರ ಬೂದ್ಯಾಗ ಐತ್ರಿ. ವರ್ಷಕ್ಕೊಮ್ಮಿ ತೊಳದು ತಗೀತೀವಿ. ಶಗಡಿ ಹೋದಲ್ಲಿ ನಾ ಬರ್ತೀನಿ."

ಹೀಗೆ ಶುಕ್ರವಾರ ಅವನು ಶಗಡಿಯ ಹಿಂದೆಯೇ ನಡೆದು ಬಂದ. ಪಡಸಾಲೆಯಲ್ಲಿ ಅದರ ಪಕ್ಕಕ್ಕೆ ಮೊಣಕಾಲೂರಿ ಕೂತ. ಗಾಳಿಗೆ ಒಂದು ಚಿಟಿಕೆ ಬೂದಿ ಹಾರಿದರೂ ಕೋಳಿಪುಕ್ಕದಿಂದ ಮೆಲ್ಲಗೆ ಗುಡಿಸಿ ಬಟ್ಟಲಿಗೆ ಹಾಕಿ, ಬಟ್ಟಲನ್ನು ಹಣೆಗೆ ಮುಟ್ಟಿಸಿಕೊಳ್ಳುತ್ತಿದ್ದ. ಅವನ ಮುಖದಲ್ಲಿದ್ದ ಭಕ್ತಿ ನೋಡಿ ಸಾಹೇಬರು ಎದ್ದು ನಿಂತು, ಸೊಂಟ ಬಗ್ಗಿಸಿ ನಮಸ್ಕಾರ ಮಾಡಿದರು. ಆಮೇಲೆ ನನ್ನ ಕಿವಿಯಲ್ಲಿ, "ಬೆಂಕಿಗೆ ಪ್ರತ್ಯೇಕ ಪೂಜಾರಿಯನ್ನು ಕರೆಸುವಷ್ಟು ನಮ್ಮ ಊರಿನಲ್ಲೂ ಮಾಡುವುದಿಲ್ಲ," ಎಂದರು.

೬. ಹರಿಯದ ಥಾನು

ಕಟ್ಟು ಸಿಡಿದು ಬಟ್ಟೆ ಕೆಡಬಾರದೆಂದು ಪ್ರತಿಯೊಬ್ಬರ ತೊಡೆಯ ಮೇಲೆ ಒಂದೊಂದು ಬಟ್ಟೆ ಹಾಸಬೇಕು ಎಂದು ಸಾಹೇಬರು ಮೊದಲೇ ಹೇಳಿದ್ದರು. ನನ್ನ ಅಂಗಡಿಯ ಒಂದು ಬದಿಗೆ ಬಟ್ಟೆಯ ವ್ಯಾಪಾರವೂ ಇತ್ತು. ಬಿಳಿ ಬಟ್ಟೆಯ ಒಂದು ಥಾನು, ಇಡೀ ಸುರುಳಿಯನ್ನೇ, ತಂದೆ. ಅವ್ವ ಕತ್ತರಿ ತಂದಳು.

"ಹರೀಬ್ಯಾಡ," ಎಂದೆ. "ಏಳು ತುಂಡು ಮಾಡಿದ್ರ ಯಾರು ತಗೋತಾರ? ಹಂಗ ಹಾಸು. ನಾಳೆ ಒಗದು ಮಡಚಿ ಮತ್ತ ಅಂಗಡ್ಯಾಗ ಇಟ್ರಾತು."

ಹೀಗೆ ಏಳು ಮಂದಿಯ ತೊಡೆಯ ಮೇಲೂ ಒಂದೇ ಥಾನು ಸುತ್ತಿಕೊಂಡು ಹೋಯಿತು. ಬಾಗಿಲಿಗೆ ಎಲ್ಲಕ್ಕಿಂತ ದೂರ ಸಾಹೇಬರು. ಅವರ ಬಲಕ್ಕೆ ನಾನು, ಎಡಕ್ಕೆ ಎದುರಂಗಡಿಯವನು. ನಾವಿಬ್ಬರೂ ಒಬ್ಬನಿಗಿಂತ ಒಬ್ಬ ಕೆಳಗೆ ಕೂಡಲು ಒಪ್ಪದ್ದರಿಂದ ಬೇರೆ ದಾರಿ ಇರಲಿಲ್ಲ. ಸಾಹೇಬರು ಮೊಣಕಾಲು ಮಡಚಿ, ಕಾಲ ಮೇಲೆ ಎತ್ತರಕ್ಕೆ ಕೂತು, ಗಂಗಾಳದ ಮೇಲೆ ಬಾಗಿ ಒಂದೇ ಕೈಯಿಂದ ಕಾಯಿಪಲ್ಲೆ ಜೋಡಿಸುತ್ತಿದ್ದರು.

ಅಕ್ಕಸಾಲಿಗ ಬೂದಿ ಹಾರೀತೆಂದು ಬೆಂಕಿಗೆ ಗಾಳಿ ಹಾಕಲು ಬಿಡಲಿಲ್ಲ. ಹೀಗಾಗಿ ಕಟ್ಟು ಕುದಿಯಲೊಲ್ಲದು. ಬೇಯುವ ತನಕ ಯಾರು ಕಾಯುತ್ತಾರೆ ಎಂದು ನೋಡುವುದೇ ಸಾಹೇಬರ ಪರೀಕ್ಷೆ. ಎಲ್ಲರೂ ಕಾಯುತ್ತಿದ್ದೆವು. ಮಾತಾಡಿದರೆ ಜಗಳವಾದೀತು ಎಂದು ಯಾರೂ ಮಾತಾಡಲಿಲ್ಲ. ಆರು ಮಂದಿ ವ್ಯಾಪಾರಿಗಳು, ಮುಂದೆ ಗಿರಾಕಿ, ಮೇಲೆ ಬಟ್ಟೆ, ಕೈಗಳು ಖಾಲಿ. ನನ್ನ ತಲೆಯಲ್ಲಿ ಗೋದಾಮಿನ ಅಂಡಿಗೆಗಳಷ್ಟೇ ಇದ್ದವು. ಇಂಥ ಹೊತ್ತು ಮತ್ತೆ ಬರುವುದಿಲ್ಲ ಅನಿಸಿತು. ಥಾನಿನ ಕೆಳಗೆ, ಸಾಹೇಬರ ಮೊಣಕಾಲಿನ ಮುಂದೆ, ಮೆಲ್ಲಗೆ ಬಲಗೈ ಚಾಚಿದೆ.

ಅಲ್ಲಿ ಒಂದು ಕೈ ಮೊದಲೇ ಕಾಯುತ್ತಿತ್ತು.

ಸಾಹೇಬರಿಗೂ ಅವಸರವಿದೆ ಎಂದು ತಿಳಿದೆ. ಒಂದು ಬೆರಳು ಹಿಡಿದೆ. ಆ ಕೈ ಎರಡು ಬೆರಳು ಹಿಡಿಯಿತು.

ಅಲ್ಲಿಯ ತನಕ ಕೇಳಿದ್ದಕ್ಕಿಂತ ಹೆಚ್ಚು ಕೊಡುವ ಗಿರಾಕಿಯನ್ನು ನಾನು ಕಂಡಿರಲಿಲ್ಲ. ಪರದೇಶದವರು, ಉದಾರ ಮನಸ್ಸಿನವರು ಅಂದುಕೊಂಡೆ. ಮೂರು ಹಿಡಿದೆ. ಆ ಕೈ ಸ್ವಲ್ಪವೂ ತಡ ಮಾಡದೆ ನಾಲ್ಕು ಹಿಡಿಯಿತು. ನನ್ನ ಮುಖದ ಮೇಲೆ ಏನೂ ತೋರಗೊಡದೆ ಗಂಗಾಳದ ಕಡೆ ನೋಡುತ್ತ ಐದೂ ಹಿಡಿದು, ಅಂಗೈಯಲ್ಲಿ ಮುಷ್ಟಿ ಇಟ್ಟೆ: ಇದ್ದಷ್ಟೂ ಮಾಲು. ಆ ಕೈಯೂ ನನ್ನ ಅಂಗೈಯಲ್ಲಿ ಮುಷ್ಟಿ ಇಟ್ಟಿತು. ಇಬ್ಬರೂ ಒಮ್ಮೆಲೇ ಮಣಿಕಟ್ಟು ಹಿಡಿದೆವು. ಮನಸ್ಸಿನಲ್ಲೇ ಹುಲಿಗೆಮ್ಮನಿಗೆ ಒಂದು ಸೀರೆಯ ಹರಕೆ ಹೊತ್ತೆ.

ಆಗ ಕಟ್ಟು ಕುದಿಯಿತು. ಸಾಹೇಬರು ಬಲಗೈಯ ಕಡ್ಡಿಯಿಂದ ಒಂದು ಹೋಳು ಹೀರೆಕಾಯಿ ಎತ್ತಿದರು, ಎಡಗೈಯಿಂದ ನನ್ನ ತಾಟನ್ನು ಹತ್ತಿರಕ್ಕೆ ಎಳೆದು ಅದರಲ್ಲಿ ಹಾಕಿದರು.

ಬಲಗೈ ಮೇಲಿತ್ತು. ಎಡಗೈಯೂ ಮೇಲಿತ್ತು. ನನ್ನ ಕೈಯೊಳಗಿನ ಮಣಿಕಟ್ಟು ಕೆಳಗೇ ಇತ್ತು.

ಮೆಲ್ಲಗೆ ಮುಂದೆ ಬಾಗಿ ಸಾಹೇಬರ ಆಚೆ ನೋಡಿದೆ. ಆಚೆಯಿಂದ ಅವನೂ ಮುಂದೆ ಬಾಗಿ ಈಚೆ ನೋಡುತ್ತಿದ್ದ. ಹನ್ನೊಂದು ವರ್ಷದಲ್ಲಿ ಮೊದಲ ಸಲ ನಾವು ಮುಖಕ್ಕೆ ಮುಖ ಕೊಟ್ಟು ನೋಡಿದ್ದು. ಕೈ ಬಿಟ್ಟೆವು.

ಇಬ್ಬರೂ ತಲೆ ಬಗ್ಗಿಸಿ ತಾಟಿನಲ್ಲಿದ್ದುದನ್ನೆಲ್ಲ ತಿಂದೆವು. ಸಾಹೇಬರು ಕೊನೆಗೆ, "ಇಷ್ಟು ಮರ್ಯಾದೆಯಿಂದ ಉಂಡವರನ್ನು ನಾನು ಕಂಡಿಲ್ಲ," ಎಂದು ಬಂಗಲೆಗೆ ಹೋದರು. ಉಳಿದವರೆಲ್ಲ ಒಳಗೆ ಹೋಗಿ ಅವ್ವನ ಕೈಯ ರೊಟ್ಟಿ ಉಂಡರು. ನನಗೆ ಮಾತ್ರ ರೊಟ್ಟಿ ಇಳಿಯಲಿಲ್ಲ. ಅವ್ವ ನನ್ನ ತಾಟು ನೋಡಿ, "ಹಸೀದು ತಿಂದ್ರ ಹಿಂಗ ಆಗೂದು," ಎಂದಳು.

೭. ಎದುರುಬದುರು ಗಾಡಿಗಳು

ಆಗಿದ್ದಿಷ್ಟು: ನನ್ನ ಗೋದಾಮಿನ ಹತ್ತಿಯನ್ನೆಲ್ಲ ನಾನು ಅವನಿಗೆ ಮಾರಿದ್ದೆ. ಅವನು ತನ್ನದನ್ನೆಲ್ಲ ನನಗೆ ಮಾರಿದ್ದ. ಇಬ್ಬರೂ ಮಾರುವವರೇ ಆದ್ದರಿಂದ ದರ ಏರಿದ್ದೇ ಏರಿದ್ದು. ಯಾರೇ ಆಗಲಿ ರಸ್ತೆ ದಾಟಿ, "ಕೈ ತಪ್ಪೇತ್ರಿ, ಬಿಡ್ರಿ" ಎಂದು ಒಂದು ಮಾತು ಆಡಿದ್ದರೆ ಮುಗಿಯುತ್ತಿತ್ತು. ಆದರೆ ಆಡಿದವನು ಮಣಿಕಟ್ಟಿನ ಮಾತಿಗೆ ತಪ್ಪಿದ ಹಾಗೆ. ಅದಕ್ಕಿಂತ ಹೆಚ್ಚಿಗೆ, ಆಡಿದವನು ಮೊದಲು ಮಾತಾಡಿದ ಹಾಗೆ.

ಬೆಳಗಾಗುತ್ತಲೇ ಹೊರಗೆ ಬಂದು ನನ್ನ ಎತ್ತಿಗೆ ಹೇಳಿದೆ: "ಬಸವಣ್ಣಾ, ನಮ್ಮ ಮಾತು ಮಾತಪಾ. ಮಾಲು ಕಳಸ್ತೀವಿ."

ಎದುರಿನಿಂದ ಅವನು ತನ್ನ ಎತ್ತಿಗೆ ಹೇಳಿದ: "ನಾವೇನು ಕಳಸೂದಿಲ್ಲ ಅಂದೀವೇನಪಾ?"

ಅವನ ಗೋದಾಮು ಸ್ಟೇಷನ್ ಕಡೆಗೆ, ನನ್ನದು ಕೋಟೆಯ ಕಡೆಗೆ. ನನ್ನ ಗಾಡಿಗಳು ಹೊರಟವು, ಅವನವೂ ಹೊರಟವು. ಪೇಟೆಯ ನಟ್ಟನಡುವೆ, ಇಕ್ಕಟ್ಟಿನ ಜಾಗದಲ್ಲಿ, ಎರಡೂ ಎದುರುಬದುರಾಗಿ ನಿಂತವು. ಯಾರೂ ಹಿಂದೆ ಸರಿಯಲೊಲ್ಲರು. ಅವನ ಗಾಡಿಯವನು ಕೂಗಿದ, "ಎಲ್ಲಿಗೆ ಒಯ್ತೀಲೇ ಹತ್ತಿ?" ನನ್ನವನು ಹೇಳಿದ, "ನಿಮ್ಮ ಗೋದಾಮಿಗೆ. ನೀ ಎಲ್ಲಿಗೆ?" "ನಿಮ್ಮ ಗೋದಾಮಿಗೆ." ಇಬ್ಬರೂ ಬೀಡಿ ಹಚ್ಚಿದರು.

ಅಷ್ಟರಲ್ಲಿ ಬಂಗಲೆಯ ಕಡೆಯಿಂದ ಸಾಹೇಬರು ನಡೆದು ಬಂದರು. ಕೈಯಲ್ಲಿ ಅದೇ ಸಣ್ಣ ಪುಸ್ತಕ. ನನ್ನ ಹತ್ತಿರ ಬಂದು, ಎದುರಿನಿಂದ ಬಂದ ಗಾಡಿ ತೋರಿಸಿ, "ಇದು ಯಾರ ಹತ್ತಿ?" ಎಂದರು.

"ನಂದರಿ. ನಿನ್ನೆ ತಗೊಂಡೆ."

"ಹೇಗಿದೆ?"

ಪುಸ್ತಕದಲ್ಲಿ ನನ್ನ ಬಾಯಿಂದ ಬಂದ ಮಾತೇ ಇತ್ತು: ಹಸಿ, ನೀರು ಕುಡಿದದ್ದು. ಆದರೆ ಮಾಲು ಈಗ ನನ್ನದಾಗಿತ್ತು. "ಭಾಳ ಛಲೋ ಹತ್ತಿರಿ," ಎಂದೆ. "ಬಿಳುಪು ನೋಡ್ರಿ. ಒಣಗಿ ಹಪ್ಪಳ ಆಗೈತಿ."

ಸಾಹೇಬರು ಒಂದು ಸಾಲು ಹೊಡೆದು ಹಾಕಿ, ಅವನ ಹತ್ತಿರ ಹೋದರು. ಕೇಳದಿದ್ದವನ ಹಾಗೆ ನಿಂತು ಎಲ್ಲ ಕೇಳಿದೆ.

"ಹೊಸ ಹತ್ತಿರಿ," ಎಂದ ಅವನು, ನನ್ನ ಅಂಡಿಗೆಯ ಮೇಲೆ ಕೈಯಾಡಿಸುತ್ತ. "ಇಂಥಾ ಎಳಿ ಈ ಪ್ಯಾಟ್ಯಾಗ ಮತ್ತೊಂದಿಲ್ಲ. ಇಲಿ ಅನ್ನೂದು ಇದರ ಹಂತೇಕ ಹಾದಿಲ್ಲ."

ಸಾಹೇಬರು ಇನ್ನೊಂದು ಸಾಲು ಹೊಡೆದು ಹಾಕಿದರು. ನಮ್ಮಿಬ್ಬರನ್ನೂ ಹತ್ತಿರ ಕರೆದರು. "ನಿನ್ನೆ ನಾನು ಹೀರೆಕಾಯಿ ಬೇಯಿಸುತ್ತಿದ್ದೆ," ಎಂದರು. "ಆದರೆ ಥಾನು ನನ್ನ ಮೊಣಕಾಲಿನ ಮುಂದೆಯೇ ಅಲ್ಲಾಡುತ್ತಿತ್ತು. ರಾತ್ರಿಯೊಳಗೆ ಇಬ್ಬರೂ ಕೂಡಿ ಮಾತು ಮುರಿಯುತ್ತೀರಿ ಅಂದುಕೊಂಡಿದ್ದೆ. ತಪ್ಪಿ ಕೊಟ್ಟ ಮಾತಿಗೂ ಗಾಡಿ ಹೂಡುವ ಪೇಟೆ ಇದು. ಗದಗಿಗೆ ನಾನೇಕೆ ಹೋಗಲಿ?"

ಒಂದು ಕೈ ನನಗೆ, ಒಂದು ಕೈ ಅವನಿಗೆ ಕೊಟ್ಟರು. ನಾವು ಹೆಗಲ ಮೇಲಿನ ರುಮಾಲು ಹೊದಿಸಿದೆವು. ಇಬ್ಬರಿಗೂ ಒಂದೊಂದೇ ಬೆರಳು ಸಿಕ್ಕಿತು. ಹತ್ತಿಯ ಗುಣ ಅವರಿಗೂ ಗೊತ್ತಿತ್ತು. ಈ ಸಲ ಕೈ ಯಾರದೆಂದು ಬಗ್ಗಿ ನೋಡಿಯೇ ಮಣಿಕಟ್ಟು ಹಿಡಿದೆ. ಅವನ ಹತ್ತಿಯನ್ನು ನಾನು, ನನ್ನ ಹತ್ತಿಯನ್ನು ಅವನು ಸಾಹೇಬರಿಗೆ ಮಾರಿದೆವು. ನಮ್ಮಿಬ್ಬರ ನಡುವಿನ ಐದು ಬೆರಳಿನ ಲೆಕ್ಕ ಒಂದಕ್ಕೊಂದು ವಜಾ ಆಯಿತು. ಗಾಡಿಗಳು ಸ್ಟೇಷನ್ನಿನ ಕಡೆ ತಿರುಗಿದವು. ಗೋದಾಮು ಖಾಲಿಯಾಯಿತು, ಅಂಗಡಿ ಉಳಿಯಿತು.

ರಸ್ತೆ ತೆರವಾದ ಮೇಲೆ ನಾವಿಬ್ಬರೇ ನಿಂತಿದ್ದೆವು. ಎತ್ತುಗಳೂ ಇರಲಿಲ್ಲ. ಅವನು ಕೆಮ್ಮಿದ.

"ನಿಮ್ಮ ಹತ್ತಿ ಛಲೋ ಐತಿ ಅಂದೆ. ಖರೇ ಅಂತ ತಿಳಕೋಬ್ಯಾಡ್ರಿ."

"ತಿಳಕೊಂಡಿಲ್ರಿ," ಎಂದೆ. "ನಾನೂ ಹಂಗ ಅಂದೀನಿ."

ಹನ್ನೊಂದು ವರ್ಷ ಸಣ್ಣ ಕಾಲವಲ್ಲ. ಅಷ್ಟರಲ್ಲಿ ಅವನ ತಾಯಿ ತೀರಿದ್ದಳು, ನನ್ನ ಮಗಳ ಮದುವೆ ಆಗಿತ್ತು. ಆ ಒಂದು ಗಳಿಗೆ ನನಗೂ ಏನೋ ಅನಿಸಿತು. ಅವನಿಗೂ ಅನಿಸಿರಬೇಕು. ದನಿ ತಗ್ಗಿಸಿ ಹೇಳಿದ:

"ಆ ತಕ್ಕಡಿ... ಒಯ್ಯೂಮುಂದ ಡೊಂಕ ಇತ್ರಿ."

"ಇರಲಿಲ್ರಿ," ಎಂದೆ.

"ಇತ್ತು."

"ಇರಲಿಲ್ಲ."

ಅಲ್ಲಿಂದ ಮುಂದೆ ಮತ್ತೆ ಹದಿಮೂರು ವರ್ಷ ನಮಗೆ ಮಾತಿರಲಿಲ್ಲ.